ವಿಸ್ತರಿತ ವಾರಂಟಿಯ ಹಾಳೆ

ಇಂದು ಹೊಸ ಬೈಕಿನ ಕಾಗದಪತ್ರಗಳ ಜೊತೆಗೆ, ಮೂಲ ವಾರಂಟಿಯ ಅವಧಿ ಮುಗಿದ ಮೇಲೂ ರಕ್ಷಣೆ ಸಿಗಲೆಂದು ಬೇರೆ ಹಣ ಕೊಟ್ಟು ಕೊಳ್ಳುವ ವಿಸ್ತರಿತ ವಾರಂಟಿಯ ನಿಯಮಗಳ ಹಾಳೆಯನ್ನೂ ಕೇಳಿ ಪಡೆದು, ಶೋರೂಮಿನಲ್ಲಿಯೇ ಕುಳಿತು ಪೂರ್ತಿ ಓದಿದೆ.

ನನ್ನ ಗಮನವೆಲ್ಲ ನಿಂತದ್ದು, ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ, ವಾರಂಟಿಗೆ ಒಳಪಡದ ಭಾಗಗಳ ಪಟ್ಟಿಯ ಮೇಲೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಕೇಬಲ್, ಬಲ್ಬು, ಟೈರು, ಹೀಗೆ ಓಡಾಟದಲ್ಲಿ ಸವೆದು ನಾವು ಹಣ ಕೊಟ್ಟು ಬದಲಿಸುವ ಬಹುತೇಕ ಎಲ್ಲವೂ ಅದರಲ್ಲಿದ್ದವು.

ಹಾಗೆಂದು ಈ ವಾರಂಟಿಯನ್ನು ನಿರರ್ಥಕವೆನ್ನಲಾರೆ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಇಂಜಿನ್ನಿಗೆ ಪೆಟ್ರೋಲ್ ಒದಗಿಸುವ ಕಾರ್ಬ್ಯುರೇಟರಿನ ಜಾಗವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಫ್ಯೂಯಲ್ ಇಂಜೆಕ್ಷನ್ ಹಿಡಿದಿದೆ; ಅದರ ಸೆನ್ಸರ್ ಅಥವಾ ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕವಾದ ಇಸಿಯು ಕೆಟ್ಟರೆ ಊರಿನ ಮೆಕ್ಯಾನಿಕ್ ಬಿಚ್ಚಿ ತೊಳೆದು ಸರಿಪಡಿಸುವಂತಿಲ್ಲ, ಸಾಮಾನ್ಯವಾಗಿ ಆ ಭಾಗವನ್ನೇ ಬದಲಿಸಬೇಕಾಗುತ್ತದೆ. ಈ ಹಾಳೆಯ ಪ್ರಕಾರ ಅವುಗಳಿಗೆ ರಕ್ಷಣೆಯಿದೆ. ಆದರೆ ಪ್ರತಿಯೊಂದು ಸರ್ವಿಸನ್ನೂ ನಿಗದಿತ ಅವಧಿಯೊಳಗೆ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಿರಬೇಕು. ತೀರ್ಥಹಳ್ಳಿಯಾಚೆಯ ಹಳ್ಳಿಯಲ್ಲಿದ್ದುಕೊಂಡು ಮಳೆಗಾಲದಲ್ಲಿ ಅದಕ್ಕಾಗಿ ಶಿವಮೊಗ್ಗಕ್ಕೆ ಹೋಗಿಬರುವ ಖರ್ಚನ್ನೂ, ಕಳೆಯುವ ದಿನದ ಕೆಲಸವನ್ನೂ ವಾರಂಟಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕೆಂದು ನನಗನಿಸುತ್ತದೆ.

ಮೂಲ ವಾರಂಟಿ ಮುಗಿಯುವುದರೊಳಗೆ ಇದನ್ನು ಕೊಳ್ಳಲು ಅವಕಾಶವಿರುವುದರಿಂದ ಇಂದು ಹಣ ಕಟ್ಟಲಿಲ್ಲ. ಒಂದು ಮಳೆಗಾಲ ಓಡಿಸಿ ನೋಡಿ ನಿರ್ಧರಿಸುತ್ತೇನೆ.