ಬೆಳಗಿನ ಕೆರೆ ಏರಿ

ಎದ್ದ ತಕ್ಷಣ ಫೋನ್ ಹಿಡಿಯೋ ಬದಲು ಸುಮ್ನೆ ಹೊರಗೆ ಹೋಗಿ ನೋಡಿ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ನೀರುಕಾಗೆಯೊಂದು ಎರಡೂ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ತಾ ಕೂತಿರುತ್ತದೆ, ಅದನ್ನು ನೋಡ್ತಾ ನಿಂತರೆ ತಲೆಯೊಳಗಿನ ಗದ್ದಲ ಅರ್ಧ ಇಳಿದುಹೋಗುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರವೂ ಸರಿಹೋಗುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುತ್ತದೆ. ನಿದ್ದೆ ಚೆನ್ನಾಗಾದ ದಿನ ಸಿಡಿಮಿಡಿ ಕಮ್ಮಿ, ಅಲ್ವಾ?

ವಾಪಸ್ ಬರುವಾಗ ಹೂ ಮಾರುವ ಅಮ್ಮನ ಹತ್ತಿರ ಎರಡು ಮಾತು. ಮೊಳ ಮಲ್ಲಿಗೆಗಿಂತ ಅವರು "ತಿಂಡಿ ಆಯ್ತಾ ಮಗಾ?" ಅಂತ ಕೇಳೋದೇ ನನಗೆ ಜಾಸ್ತಿ ಇಷ್ಟ. ಇದಕ್ಕೆಲ್ಲ ದುಡ್ಡೂ ಬೇಡ, ಆ್ಯಪೂ ಬೇಡ.

ಮೈಸೂರಿನವರು ಯಾರಾದ್ರೂ ಇದ್ದರೆ ಭಾನುವಾರ ಬೆಳಿಗ್ಗೆ 6.30ಕ್ಕೆ ಬನ್ನಿ, ಒಟ್ಟಿಗೆ ಒಂದು ಸುತ್ತು ಹಾಕೋಣ.