ಕುಂತಿ ಸಿಕ್ಕ ಮೇಲೆ ಕರ್ಣ ಸಿಕ್ಕ

ಕಳೆದ ಭಾನುವಾರ ನಮ್ಮೂರ ಭಜನೆ ಮನೆಯಲ್ಲಿ ಕುರುಕ್ಷೇತ್ರ ನಾಟಕಕ್ಕೆ ಪಾರ್ಟು ಹಂಚಿದೆವು. ಬೆಳಗ್ಗೆ ಹತ್ತಕ್ಕೆ ಕೂತವರು ಏಳುವಾಗ ದನ ಮನೆಗೆ ಬರುವ ಹೊತ್ತಾಗಿತ್ತು.

ನಮ್ಮದು ಗುಬ್ಬಿ ತಾಲ್ಲೂಕು. ನಾನು ತುಮಕೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಅಪ್ಪ ಡ್ರಾಮಾ ಮೇಷ್ಟ್ರು. ಮೂವತ್ತು ವರ್ಷದಿಂದ ಸುತ್ತಲಿನ ಊರುಗಳಲ್ಲಿ ನಾಟಕ ಕಲಿಸಿದ್ದಾರೆ. ಈಚೆಗೆ ಅವರಿಗೆ ಕಿವಿ ಸ್ವಲ್ಪ ಮಂದ. "ಈ ಸಲ ಹಾರ್ಮೋನಿಯಂ ಮುಂದೆ ನೀನೇ ಕೂತ್ಕೊ ಕಣಮ್ಮ" ಅಂದರು.

ನಮ್ಮ ಕಡೆ ಪೌರಾಣಿಕ ನಾಟಕ ಅಂದರೆ ಮಾತಿನಷ್ಟೇ ಹಾಡು. ರಾತ್ರಿ ಶುರುವಾದರೆ ಬೆಳಕು ಹರಿಯುವವರೆಗೆ ಕಂದ, ವೃತ್ತ ಅನ್ನುವ ಪದ್ಯಗಳು, ಮತ್ತೆ ಹಾಡು. ಈ ರುಚಿ ಹತ್ತಿಸಿದ್ದರಲ್ಲಿ 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಪಾಲು ದೊಡ್ಡದು. ಆ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ನಮ್ಮಲ್ಲಿ ಆನೆ ಇಲ್ಲ. ಗಂಟಲು ಇದೆ.

ಪಾರ್ಟಿಗೆ ದುಡ್ಡು ಕೊಡುವ ಪದ್ಧತಿ ನಮ್ಮೂರಲ್ಲೂ ಇದೆ. ಕೃಷ್ಣ, ದುರ್ಯೋಧನ ಆಗಬೇಕಾದರೆ ಜಾಸ್ತಿ, ಸಣ್ಣ ಪಾರ್ಟಿಗೆ ಕಡಿಮೆ. ಹೊರಗಿನವರಿಗೆ ಇದು ತಪ್ಪು ಅನ್ನಿಸಬಹುದು. ಆದರೆ ಸೀನರಿ, ಡ್ರೆಸ್ಸು, ಮೈಕು, ತಬಲದವರು, ಶಾಮಿಯಾನ, ಇದಕ್ಕೆಲ್ಲ ಬೇರೆ ಯಾರು ಕೊಡುತ್ತಾರೆ? ಎಮ್ಮೆ ಮಾರಿ ಅರ್ಜುನ ಆದವರನ್ನು ನಾನು ಕಂಡಿದ್ದೇನೆ. ಅವರ ಆಸೆ ಸಣ್ಣದಲ್ಲ. ಆದರೂ ಪಾರ್ಟು ದುಡ್ಡಿಗೆ ಹೋದರೆ ಹಾಡು ಸೊರಗುತ್ತದೆ. ಅದಕ್ಕೇ ಈ ವರ್ಷ ಎಲ್ಲರಿಗೂ ಒಂದೇ ವಂತಿಗೆ ಅಂತ ಮಾಡಿ, ಹಾಡಿಸಿ ನೋಡಿಯೇ ಪಾರ್ಟು ಕೊಡೋಣ ಅಂತ ತೀರ್ಮಾನವಾಯಿತು.

23 ಜನ ಬಂದರು. ಒಬ್ಬೊಬ್ಬರಿಗೂ ಒಂದು ಕಂದ, ಒಂದು ಹಾಡು, ನಾಲ್ಕು ಸಾಲು ಮಾತು. ಕೃಷ್ಣ ಬೇಗ ಸಿಕ್ಕ. ಭೀಮನಿಗೆ ಪೈಪೋಟಿಯೇ ಇರಲಿಲ್ಲ. ಶಕುನಿ ಪಾರ್ಟಿಗೆ ಅಂಚೆ ಹಂಚುವ ಅಣ್ಣ ಮಾತು ಶುರುಮಾಡಿದ ಕೂಡಲೇ ಕಿಟಕಿಯಲ್ಲಿದ್ದ ಹುಡುಗರೆಲ್ಲ ಸುಮ್ಮನಾದರು.

ತಡವಾದದ್ದು ಕರ್ಣನಿಗೆ. ಇಬ್ಬರು ಉಳಿದರು. ಒಬ್ಬರು ಡೈರಿಗೆ ಹಾಲು ಸಾಗಿಸುವ ಟೆಂಪೋ ಓಡಿಸುತ್ತಾರೆ. ಬಿಳಿ ಎರಡರಲ್ಲಿ ಹಾಡುತ್ತಾರೆ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಯೇ ಅವರ ಶ್ರುತಿ. ತಾರಸ್ಥಾಯಿಗೆ ಹೋದರೆ ಬೀದಿ ಕೊನೆಗೂ ಕೇಳಿಸುತ್ತದೆ. ಇನ್ನೊಬ್ಬ ತೆಂಗಿನಕಾಯಿ ಕೀಳುವ ಹುಡುಗ. ಅವನದು ಕಪ್ಪು ಒಂದು. ದನಿ ಅಷ್ಟು ದೊಡ್ಡದಲ್ಲ, ಆದರೆ ಸ್ವರ ಅಲ್ಲಾಡುವುದಿಲ್ಲ. ನಾನು ಮನಸ್ಸಿನಲ್ಲಿ ಟೆಂಪೋ ಅಣ್ಣನಿಗೇ ಅಂತ ಬರೆದುಕೊಂಡಿದ್ದೆ.

ಅಪ್ಪ ತಡೆದರು. "ಗಂಟಲು ಒಂದೇ ನೋಡ್ಬೇಡ. ಎದುರಿಗೆ ಯಾರು ನಿಲ್ತಾರೆ, ಅದನ್ನ ನೋಡು."

ಎದುರಿಗೆ ನಿಲ್ಲುವವಳು ಕುಂತಿ. ಹೆಣ್ಣು ಪಾರ್ಟಿಗೆ ಇಷ್ಟು ವರ್ಷ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದೆವು. ಪಾಪ, ಸೀಸನ್ನಿನಲ್ಲಿ ಅವರಿಗೆ ವಾರಕ್ಕೆ ಮೂರು ನಾಲ್ಕು ನಾಟಕ. ನಮ್ಮಲ್ಲಿಗೆ ಬರುವುದು ನಾಟಕದ ದಿನ ಸಂಜೆ. ಕರ್ಣನೂ ಕುಂತಿಯೂ ಒಬ್ಬರ ದನಿ ಒಬ್ಬರು ಕೇಳುವುದೇ ರಂಗದ ಮೇಲೆ. ಹೋದ ವರ್ಷ ತಾಯಿ ಮಗನ ಆ ಸೀನಿನಲ್ಲಿ ಶ್ರುತಿ ಒಡೆದು, ಜನ ಬೀಡಿ ಹಚ್ಚಲು ಎದ್ದು ಹೋದರು. ನಾನು ಸೈಡ್ ವಿಂಗಿನಲ್ಲಿ ನಿಂತು ಅತ್ತಿದ್ದೆ.

ಈ ಸಲ ನಮ್ಮೂರ ಹೆಂಗಸರನ್ನೂ ಕರೆದಿದ್ದೆವು. ಮೂವರು ಬಂದರು. ಅವರಲ್ಲಿ ಒಬ್ಬರು ಬ್ಲೌಸ್ ಹೊಲಿಯುವ ಅಕ್ಕ. ಮದುವೆ ಮನೆಯಲ್ಲಿ ಸೋಬಾನೆ ಹೇಳುವವರು. "ನಂಗೆ ಕಂದ ಗೊತ್ತಿಲ್ಲ ಕಣಮ್ಮ, ನೀನು ಒಂದ್ಸಲ ಹೇಳು, ನಾನು ಹಿಂದೆ ಹೇಳ್ತೀನಿ" ಅಂದರು. ಹೇಳಿದೆ. ಎರಡನೇ ಸಲಕ್ಕೆ ಪದ್ಯ ಅವರದಾಗಿತ್ತು. ಅವರ ಶ್ರುತಿ ಹುಡುಕುತ್ತಾ ಹೋದೆ. ಕಪ್ಪು ನಾಲ್ಕಕ್ಕೆ ನಿಂತಿತು.

ಆಗ ಹೊಳೆಯಿತು. ಕಪ್ಪು ಒಂದನ್ನು ಷಡ್ಜ, ಅಂದರೆ ಸ, ಅಂತ ಹಿಡಿದರೆ ಅದರ ಪಂಚಮ, ಅಂದರೆ ಪ, ಕಪ್ಪು ನಾಲ್ಕೇ. ಆ ಹುಡುಗನ ಪಂಚಮ ಎಲ್ಲಿದೆಯೋ ಅಲ್ಲೇ ಅಕ್ಕನ ಷಡ್ಜ. ಅದೇ ಬಿಳಿ ಎರಡಕ್ಕಾದರೆ ಕಪ್ಪು ನಾಲ್ಕು ಪ್ರತಿ ಮಧ್ಯಮ, ಪಂಚಮಕ್ಕಿಂತ ಅರ್ಧ ಸ್ವರ ಕೆಳಗೆ. ಒಬ್ಬರು ನಿಲ್ಲಿಸಿ ಇನ್ನೊಬ್ಬರು ಎತ್ತಿಕೊಂಡಾಗ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಟೆಂಪೋ ಅಣ್ಣನಿಗೆ ಅರ್ಧ ಸ್ವರ ಇಳಿಸಿ ಹಾಡಿಸಿಯೂ ನೋಡಿದೆ. ಕೆಳಗಿನ ಸ್ವರಗಳು ಕೇಳಿಸಲೇ ಇಲ್ಲ.

ಅವರಿಗೆ ಹೇಗೆ ಹೇಳುವುದು ಅಂತ ನನಗೆ ನಿಜವಾಗಿ ಕಷ್ಟವಾಯಿತು. ಎರಡು ವರ್ಷದಿಂದ ಟೆಂಪೋದಲ್ಲೇ ಕರ್ಣನ ಪದ್ಯ ಹಾಡಿಕೊಂಡು ಓಡಾಡಿದವರು. ಸುಮ್ನೆ ಸಮಾಧಾನ ಮಾಡಲಿಲ್ಲ. ಪಕ್ಕ ಕೂರಿಸಿಕೊಂಡು ಎರಡೂ ಜೋಡಿ ನುಡಿಸಿ ತೋರಿಸಿದೆ. ಅವರು ಇನ್ನೊಂದು ಸಲ ನುಡಿಸಿ ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದರು, "ದುರ್ಯೋಧನನಿಗೆ ಎದುರು ಯಾರು?"

ಕೃಷ್ಣ. ಅವನದೂ ಬಿಳಿ ಎರಡೇ. ಸಂಧಾನದ ಸೀನು ಆಗಲೇ ಹಾಡಿಸಿದೆವು. ಭಜನೆ ಮನೆಯ ತಗಡು ನಡುಗಿತು.

ಸಂಜೆ ಎಲ್ಲರೂ ಹೊರಟ ಮೇಲೆ ಹುಡುಗನನ್ನೂ ಅಕ್ಕನನ್ನೂ ನಿಲ್ಲಿಸಿಕೊಂಡೆ. ತೊಟ್ಟ ಬಾಣ ಮತ್ತೆ ತೊಡಬೇಡ ಅಂತ ಕುಂತಿ ಕೇಳುವ ಜಾಗ. ಅವನು ಪಂಚಮದಲ್ಲಿ ನಿಲ್ಲಿಸಿದ. ನಾನು ಶ್ರುತಿ ಕೊಡುವ ಮೊದಲೇ ಅಕ್ಕ ಅದೇ ಸ್ವರ ಹಿಡಿದು "ಮಗನೇ" ಅಂದರು. ಅಪ್ಪನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ, ಕಣ್ಣು ಮುಚ್ಚಿಕೊಂಡು ಕೂತಿದ್ದರು.

ತಾಲೀಮು ನಾಳೆ ರಾತ್ರಿ ಎಂಟರಿಂದ. ಅಕ್ಕ ಪದ್ಯವನ್ನೆಲ್ಲ ಮಗಳ ಹಳೇ ನೋಟ್‌ಬುಕ್ಕಿಗೆ ಬರೆಸಿಕೊಂಡು ಹೋಗಿದ್ದಾರೆ.