ಲ್ಯಾಕ್ಟೋಸಿಗೆ ದಾಟಿಸಿದ ಮೇಲಿನ ಆ ನಾಲ್ಕು ಗಂಟೆ

ಮೊಸರಿನಿಂದ ಒಂದೇ ಕಾಲೊನಿಯಾಗಿ (ಒಂದೇ ಮೂಲದಿಂದ ಬೆಳೆದ ಗುಂಪಾಗಿ) ಬೇರ್ಪಡಿಸಿದ ಲ್ಯಾಕ್ಟೋಕಾಕಸ್ ಬ್ಯಾಕ್ಟೀರಿಯಾವನ್ನು ಗ್ಲೂಕೋಸಿನಿಂದ ಹಾಲಿನ ಸಕ್ಕರೆ ಲ್ಯಾಕ್ಟೋಸಿಗೆ ದಾಟಿಸಿದರೆ ನಾಲ್ಕು ಗಂಟೆ ಲ್ಯಾಗ್, ಅಂದರೆ ಬೆಳವಣಿಗೆ ಕಾಣದ ಕಾಯುವಿಕೆ. ಆಮೇಲೆ ಗಂಟೆಗೊಮ್ಮೆ ದುಪ್ಪಟ್ಟು. ಬೆಳೆಸುವ ದ್ರವ (ಮೀಡಿಯಂ), ಅದನ್ನು ಕ್ರಿಮಿರಹಿತ ಮಾಡುವ ಕುಕ್ಕರ್, ಕೋಶ ಹೆಚ್ಚಿದಂತೆ ಏರುವ ಮಬ್ಬನ್ನು ಕಿತ್ತಳೆ ಎಲ್‌ಇಡಿಯಿಂದ ಅಳೆಯುವ ಮೀಟರ್ ಎಲ್ಲ ನಮ್ಮ ಹಿಂದಿನ ಪ್ರಯೋಗಗಳಂತೆಯೇ. ಕಾಸರಗೋಡಿನಲ್ಲಿ ಇನ್‌ಕ್ಯುಬೇಟರ್ ಖರ್ಚು ಉಳಿಯಿತು, 30 ಡಿಗ್ರಿ ಕೋಣೆಯೇ ಕೊಡುತ್ತದೆ.

ತಕರಾರು ಇದು: ಎಲ್ಲ ಕೋಶಗಳೂ ನಾಲ್ಕು ಗಂಟೆ ಲ್ಯಾಕ್ಟೋಸ್ ಒಡೆಯುವ ಕಿಣ್ವ ತಯಾರಿಸುತ್ತ ಕೂತಿವೆಯೇ, ಇಲ್ಲಾ ಹದಿನಾರರಲ್ಲೊಂದು ಮಾತ್ರ ಆಗಲೇ ಬೆಳೆಯತೊಡಗಿ ಉಳಿದವು ಮಲಗಿವೆಯೇ? ಮೇಲೇರುವ ಗೆರೆಯನ್ನು ಹಿಂದಕ್ಕೆ ಎಳೆದು ಅಳೆದರೆ ಎರಡಕ್ಕೂ ಲ್ಯಾಗ್ ನಾಲ್ಕೇ ಗಂಟೆ: ಹದಿನಾರರಲ್ಲೊಂದು ಪಾಲು ನಾಲ್ಕು ಸಲ ದುಪ್ಪಟ್ಟಾದರೆ ಮೊದಲಿನಷ್ಟೇ. ತಿರುವಿನಲ್ಲಿ ವ್ಯತ್ಯಾಸ ಇರಬೇಕು, ನಿಜ; ಆದರೆ ಅಷ್ಟು ತೆಳು ಮಬ್ಬು ನಮ್ಮ ಮೀಟರಿಗೆ ಕಾಣುವುದಿಲ್ಲ. 2014ರಲ್ಲಿ ಇದೇ ಜಾತಿಯನ್ನು ಗ್ಲೂಕೋಸಿನಿಂದ ಸೆಲ್ಲೊಬಯೋಸ್ ಎಂಬ ಇನ್ನೊಂದು ಸಕ್ಕರೆಗೆ ದಾಟಿಸಿದವರು ಕಂಡದ್ದು ಎರಡನೆಯದನ್ನು: ಜೀನುಗಳು ಒಂದೇ, ಆದರೂ ಒಂದು ಪಾಲು ಬೆಳೆಯಿತು, ಇನ್ನೊಂದು ನಿಂತಿತು.

ಮೊದಲು ಲ್ಯಾಕ್ಟೋಸನ್ನೇ ಪರೀಕ್ಷಿಸಿ ಮಾರಾಯ್ರೇ. ಕೊರಿಯರಿನಲ್ಲಿ ಬಂದ ಡಬ್ಬಿಯ ಮೇಲೆ ‘ಶುದ್ಧ’ ಎಂದಿತ್ತು, ಒಳಗೆ ಗ್ಲೂಕೋಸೂ ಇತ್ತು. 5% ದ್ರಾವಣಕ್ಕೆ ಗ್ಲೂಕೋಸನ್ನಷ್ಟೇ ಹಿಡಿಯುವ ಕಿಣ್ವ ಗ್ಲೂಕೋಸ್ ಆಕ್ಸಿಡೇಸ್ ಇರುವ ಶುಗರ್ ಸ್ಟ್ರಿಪ್ ಅದ್ದಿ. ‘ಲೋ’ ಬರಬೇಕು, ಅಂಕಿ ಬಂದರೆ ಡಬ್ಬಿ ಬೇರೆ ಕೆಲಸಕ್ಕೆ.

ಗಂಟು ಬಿಚ್ಚಿದ್ದು ತೆಳು ಮಾಡುವ ಹಳೆ ಉಪಾಯ. ಟ್ಯೂಬಿಗೆ ಸರಾಸರಿ ಒಂದು ಕೋಶ ಬೀಳಬೇಕು. ಅರ್ಧ ಟ್ಯೂಬುಗಳಲ್ಲಿ 0.5% ಗ್ಲೂಕೋಸ್, ಅರ್ಧದಲ್ಲಿ ಅಷ್ಟೇ ಲ್ಯಾಕ್ಟೋಸ್. ಗ್ಲೂಕೋಸಿನಲ್ಲಿ ನೂರಕ್ಕೆ 63 ಮಬ್ಬಾಗುತ್ತವೆ, ಉಳಿದವಕ್ಕೆ ಕೋಶವೇ ಬಿದ್ದಿರುವುದಿಲ್ಲ. ಎಲ್ಲವೂ ಕಾಯುವವಾದರೆ ಲ್ಯಾಕ್ಟೋಸಿನಲ್ಲೂ 63, ಹದಿನಾರರಲ್ಲೊಂದಾದರೆ ಬರೀ 6. ಬಂದದ್ದು ಆರರ ಆಸುಪಾಸು. ಈ ಜಾತಿ ಜೋಡಿಯಾಗಿ, ಸರಪಳಿಯಾಗಿ ಇರುವುದರಿಂದ ಚೆನ್ನಾಗಿ ಕುಲುಕಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಸರಪಳಿಯಲ್ಲಿ ಒಂದು ಬೆಳೆದರೂ ಟ್ಯೂಬು ಮಬ್ಬಾಗಿ ಲೆಕ್ಕ ಉಬ್ಬುತ್ತದೆ.

ಕುಣಿಯುವ ಮೊದಲು ಇನ್ನೊಂದು ಬಲೆ. ಲ್ಯಾಕ್ಟೋಕಾಕಸಿನ ಲ್ಯಾಕ್ಟೋಸ್ ಜೀನುಗಳು ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಬಿಡಿ ಡಿಎನ್‌ಎ ಉಂಗುರದ ಮೇಲಿರುತ್ತವೆ, ಗ್ಲೂಕೋಸಿನಲ್ಲಿ ಬೆಳೆಸಿದಷ್ಟೂ ಕಳೆದುಹೋಗುತ್ತವೆ. ಆಗ ಮಲಗಿರುವಂತೆ ಕಾಣುವವು ನಿಜಕ್ಕೂ ಜೀನ್ ಕಳಕೊಂಡವು. ಹಾಗೆಂದು ಗ್ಲೂಕೋಸ್ ಬಿಡುವಂತೆಯೂ ಇಲ್ಲ: ಲ್ಯಾಕ್ಟೋಸಿನಲ್ಲಿದ್ದಾಗ ಮಾಡಿದ ಹಳೆಯ ಕಿಣ್ವ ಪೀಳಿಗೆಗೆ ಅರ್ಧದಂತೆ ಹಂಚಿಹೋಗಿ ಸಾವಿರಕ್ಕೊಂದು ಪಾಲಾಗಲು ಗ್ಲೂಕೋಸಿನಲ್ಲಿ ಹತ್ತು ಪೀಳಿಗೆ ಬೇಕೇ ಬೇಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಪ್ಲಾಸ್ಮಿಡ್ ಉದುರುತ್ತದೆ. ಹಾಗಾಗಿ ದಾಸ್ತಾನು ಲ್ಯಾಕ್ಟೋಸಿನಲ್ಲೇ ಇರಲಿ, ದಾಟಿಸುವ ಮೊದಲು ಸಾವಿರ ಪಟ್ಟು ತೆಳು ಮಾಡಿ (1:1000) ಒಂದೇ ಸುತ್ತು ಗ್ಲೂಕೋಸ್; ಅಷ್ಟಕ್ಕೆ ಹತ್ತು ಪೀಳಿಗೆ.

ಮಬ್ಬಾಗದ ಟ್ಯೂಬುಗಳಿಗೆ ಮರುದಿನ ಗ್ಲೂಕೋಸ್ ಹಾಕಿ, ಎದ್ದು ಬಂದವನ್ನು ಆಮ್ಲಕ್ಕೆ ಹಳದಿಯಾಗುವ ಬಣ್ಣ ಬ್ರೊಮೋಕ್ರೆಸಾಲ್ ಪರ್ಪಲ್ ಬೆರೆಸಿದ ಲ್ಯಾಕ್ಟೋಸ್ ಅಗರಿನ (ಜೆಲ್ಲಿಯಂಥ ಹಾಸಿನ) ಮೇಲೆ ಎಳೆಯಿರಿ. ಹಳದಿ ಬಂದರೆ ಜೀನ್ ಇದೆ, ಬಿಳಿ ಬಂದರೆ ಹೋಗಿದೆ. ಕಾಲೊನಿ ಒತ್ತೊತ್ತಾಗಿದ್ದರೆ ಆಮ್ಲ ಹರಡಿ ಬಿಳಿಯದೂ ಹಳದಿಯಾಗಿ ಕಾಣುತ್ತದೆ. ನಮ್ಮವು ಬಹುಪಾಲು ಹಳದಿ. ಲ್ಯಾಕ್ಟೋಸಿನಲ್ಲಿ ಗೆದ್ದವನ್ನು ಮತ್ತೆ ಹತ್ತು ಪೀಳಿಗೆ ಗ್ಲೂಕೋಸಿನಲ್ಲಿ ಓಡಿಸಿ ದಾಟಿಸಿದರೆ ಅದೇ ನಾಲ್ಕು ಗಂಟೆ. ಮ್ಯುಟೇಶನ್ ಆಗಿದ್ದರೆ ಲ್ಯಾಗ್ ಮರಳುತ್ತಿರಲಿಲ್ಲ.

ಮುಂದಿನ ಪ್ರಯೋಗಕ್ಕೆ ಮೀಡಿಯಂ ಬೊಂಡದ ನೀರು (ಎಳನೀರು). ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್ ಒಟ್ಟಿಗೆ, ಮೇಲಾಗಿ ತಿಳಿ. ಅಮೈನೋ ಆಮ್ಲ ಕಡಿಮೆ, ಆದ್ದರಿಂದ 0.5% ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್. ಕೆತ್ತಿ ಇಟ್ಟರೆ ಗುಲಾಬಿ ಬಣ್ಣಕ್ಕೆ ತಿರುಗುವುದೇ ಪೀಕಲಾಟ. ಕೂಡಲೇ ಕುಕ್ಕರಿಗೆ, ಮೀಟರಿಗೆ ಗುಲಾಬಿ ಅಷ್ಟಾಗಿ ಅಡ್ಡ ಬಾರದ ಕೆಂಪು ಎಲ್‌ಇಡಿ.